ವಿಶ್ರಾಂತಿಯ ಬೆಲೆ: ವ್ಯಾಯಾಮ ಶರೀರಕ್ರಿಯಾಶಾಸ್ತ್ರದ ಒಂದು ಪಾಠ

“ನಮ್ಮ ಮಗಳು ಫಿಸಿಯೋಥೆರಪಿ ಓದುತ್ತಿದ್ದಾಳೆ. ಅದರಲ್ಲಿ ವ್ಯಾಯಾಮದ ಮೇಲೆಯೇ ಒಂದು ದಪ್ಪ ಪುಸ್ತಕವಿದೆಯಂತೆ. ದಂಡ, ಬಸ್ಕಿ ಹೊಡೆಯುವುದಕ್ಕೂ ಪುಸ್ತಕ ಬೇಕೇ ಸರ್?” ಶ್ರೀಮಠದ ಜಾತ್ರೆಯಲ್ಲಿ ದಾಸೋಹದ ಪಂಕ್ತಿಯಲ್ಲಿ ಪಕ್ಕಕ್ಕೆ ಕುಳಿತಿದ್ದ ಹಿರಿಯರೊಬ್ಬರು ಕೇಳಿದ ಪ್ರಶ್ನೆ ಇದು. ಅವರ ಮಾತಿನಲ್ಲಿ ಹಾಸ್ಯವಿತ್ತು, ಸ್ವಲ್ಪ ಆತಂಕವೂ ಇತ್ತು. ಅಂದು ಊಟದ ಗದ್ದಲದಲ್ಲಿ ಸರಿಯಾದ ಉತ್ತರ ಕೊಡಲಾಗಲಿಲ್ಲ. ಈ ವಿಷಯವನ್ನು ಪದವಿ ತರಗತಿಗಳಿಗೆ ಬಹುಕಾಲ ಪಾಠ ಮಾಡಿದವನಾಗಿ ಇಲ್ಲಿ ಅದಕ್ಕೆ ಉತ್ತರಿಸಲು ಯತ್ನಿಸುತ್ತೇನೆ. ಓದುವ ಮಕ್ಕಳಿಗೂ ಇದರಿಂದ ಪ್ರಯೋಜನವಾದೀತು. ಆದರೆ ಮುಖ್ಯವಾಗಿ ಇದು ಮನೆಯಲ್ಲಿ ಕಾಯಿಲೆಯಿಂದ ಎದ್ದ ಹಿರಿಯರಿರುವ ಎಲ್ಲರಿಗೂ ಸಂಬಂಧಿಸಿದ್ದು.

ವ್ಯಾಯಾಮ ಶರೀರಕ್ರಿಯಾಶಾಸ್ತ್ರವೆಂದರೆ ವ್ಯಾಯಾಮವನ್ನು ಹೇಳಿಕೊಡುವ ಶಾಸ್ತ್ರವಲ್ಲ. ದೇಹವು ದುಡಿಯುವಾಗ ಅದರೊಳಗೆ ಏನು ನಡೆಯುತ್ತದೆ, ದುಡಿಮೆಗೆ ಒಗ್ಗಿದಾಗ ಏನು ಬದಲಾಗುತ್ತದೆ, ದುಡಿಮೆ ನಿಂತಾಗ ಏನನ್ನು ಕಳೆದುಕೊಳ್ಳುತ್ತದೆ ಎಂಬುದನ್ನು ಅಳತೆಯಿಂದ ತಿಳಿಯುವ ವಿದ್ಯೆ ಅದು. ಫಿಸಿಯೋಥೆರಪಿ ಹಾಗೂ ದೈಹಿಕ ಶಿಕ್ಷಣದ ಪದವಿಗಳಲ್ಲಿ ಇದನ್ನು ವಿಸ್ತಾರವಾಗಿ ಕಲಿಸುತ್ತಾರೆ; ವೈದ್ಯಕೀಯ ಪದವಿಯ ಮೊದಲ ವರ್ಷದಲ್ಲಿಯೂ ಇದರ ಒಂದಂಶ ಬರುತ್ತದೆ. ಪುಸ್ತಕ ದಪ್ಪವಾಗಿರುವುದು ನಿಜ. ಆದರೆ ಅದರ ಬೆನ್ನೆಲುಬು ಒಂದೇ ಒಂದು ಸಮೀಕರಣ. ವಿದ್ಯಾರ್ಥಿಗಳು ಅದನ್ನು ಮೊದಲ ತಿಂಗಳಲ್ಲಿಯೇ ಬಾಯಿಪಾಠ ಮಾಡುತ್ತಾರೆ. ಬಹುಪಾಲು ಮಂದಿ ಕೊನೆಯ ವರ್ಷದವರೆಗೂ ಅದನ್ನು ಅರ್ಥಮಾಡಿಕೊಂಡಿರುವುದಿಲ್ಲ.

ಜರ್ಮನಿಯ ಶರೀರಶಾಸ್ತ್ರಜ್ಞ ಅಡಾಲ್ಫ್ ಫಿಕ್ ಅವರು 1870ರಲ್ಲಿ ಆ ತರ್ಕವನ್ನು ಮುಂದಿಟ್ಟರು. ದೇಹವು ಒಂದು ನಿಮಿಷದಲ್ಲಿ ಬಳಸುವ ಆಮ್ಲಜನಕವು ಎರಡು ಸಂಗತಿಗಳ ಗುಣಲಬ್ಧ: ಹೃದಯವು ಆ ನಿಮಿಷದಲ್ಲಿ ಹೊರಹಾಕಿದ ರಕ್ತದ ಪ್ರಮಾಣ, ಮತ್ತು ಆ ರಕ್ತದಿಂದ ಅಂಗಾಂಶಗಳು ಹೀರಿಕೊಂಡ ಆಮ್ಲಜನಕದ ಪ್ರಮಾಣ. ಇಷ್ಟೇ. ನಮ್ಮ ಕಡೆಯ ರೈತರಿಗೆ ಇದನ್ನು ವಿವರಿಸಬೇಕಾಗಿಯೇ ಇಲ್ಲ. ಕಾಲುವೆಗೆ ಎಷ್ಟು ನೀರು ಬಿಟ್ಟರು ಎಂಬುದು ಒಂದು ಲೆಕ್ಕ. ಹೊಲ ಅದರಲ್ಲಿ ಎಷ್ಟನ್ನು ಹೀರಿತು, ಎಷ್ಟು ಸುಮ್ಮನೆ ಹಳ್ಳಕ್ಕೆ ಹರಿದು ಹೋಯಿತು ಎಂಬುದು ಇನ್ನೊಂದು ಲೆಕ್ಕ. ಬೆಳೆ ಬರಬೇಕಾದರೆ ಎರಡೂ ಸರಿಯಿರಬೇಕು.

ಅಂಕಿಗಳನ್ನು ಇಟ್ಟು ನೋಡೋಣ. ಸುಮ್ಮನೆ ಕುಳಿತ ವಯಸ್ಕನ ಹೃದಯವು ನಿಮಿಷಕ್ಕೆ ಸುಮಾರು 5 ಲೀಟರ್ ರಕ್ತವನ್ನು ಹೊರಹಾಕುತ್ತದೆ. ಆರೋಗ್ಯವಂತರ ಅಪಧಮನಿಯ ರಕ್ತದ ಪ್ರತಿ 100 ಮಿ.ಲೀ.ನಲ್ಲಿ ಸುಮಾರು 20 ಮಿ.ಲೀ. ಆಮ್ಲಜನಕವಿರುತ್ತದೆ. ದೇಹವನ್ನೆಲ್ಲ ಸುತ್ತಿ ಹೃದಯಕ್ಕೆ ಮರಳುವ ರಕ್ತದಲ್ಲಿ ಇನ್ನೂ 15 ಮಿ.ಲೀ. ಉಳಿದಿರುತ್ತದೆ. ಅಂದರೆ ಹೀರಿಕೊಂಡದ್ದು 5 ಮಿ.ಲೀ. ಮಾತ್ರ. 5 ಲೀಟರ್ ರಕ್ತಕ್ಕೆ ಲೆಕ್ಕ ಹಾಕಿದರೆ ನಿಮಿಷಕ್ಕೆ 250 ಮಿ.ಲೀ. ಆಮ್ಲಜನಕ. ನಾವು ಕುಳಿತು ಉಸಿರಾಡುತ್ತ ಬದುಕಿರಲು ಇಷ್ಟು ಸಾಕು.

ಈಗ ಅದೇ ವ್ಯಕ್ತಿ ಬೆಟ್ಟದ ಮೆಟ್ಟಿಲು ಹತ್ತತೊಡಗುತ್ತಾನೆ ಎಂದುಕೊಳ್ಳಿ. ಹೃದಯದ ಬಡಿತ ಏರುತ್ತದೆ. ಪ್ರತಿ ಬಡಿತಕ್ಕೂ ಹೊರಬೀಳುವ ರಕ್ತವೂ ಹೆಚ್ಚುತ್ತದೆ. ತರುಣನೊಬ್ಬ ಶಕ್ತಿಯಿದ್ದಷ್ಟೂ ದುಡಿದರೆ 5 ಲೀಟರ್ ಇದ್ದದ್ದು 20 ಲೀಟರ್ ಆಗಬಲ್ಲದು. ಚೆನ್ನಾಗಿ ಪಳಗಿದ ಓಟಗಾರರಲ್ಲಿ 30 ಲೀಟರ್‌ಗೂ ಮೀರುತ್ತದೆ. ಜೊತೆಗೆ ಹಂಚಿಕೆಯೂ ಬದಲಾಗುತ್ತದೆ. ವಿಶ್ರಾಂತಿಯಲ್ಲಿ ಸ್ನಾಯುಗಳ ಪಾಲಿಗೆ ಬರುವುದು ಒಟ್ಟು ರಕ್ತದ ಐದನೆಯ ಒಂದು ಭಾಗದಷ್ಟು. ತೀವ್ರ ದುಡಿಮೆಯಲ್ಲಿ ಐದರಲ್ಲಿ ನಾಲ್ಕು ಭಾಗ ಅವುಗಳಿಗೇ ಹೋಗುತ್ತದೆ. ಹೊಟ್ಟೆ, ಮೂತ್ರಪಿಂಡಗಳ ಪಾಲು ತಾತ್ಕಾಲಿಕವಾಗಿ ಕಡಿಮೆಯಾಗುತ್ತದೆ. ಹಬ್ಬದೂಟ ಮುಗಿಸಿ ಕೂಡಲೇ ಓಡಲು ಹೋದವನಿಗೆ ಹೊಟ್ಟೆ ಹಿಡಿದುಕೊಳ್ಳುವುದಕ್ಕೆ ಈ ಹಂಚಿಕೆಯ ಜಗಳವೂ ಒಂದು ಕಾರಣವೆನ್ನುತ್ತಾರೆ. ಡೆನ್ಮಾರ್ಕಿನ ಆಗಸ್ಟ್ ಕ್ರೋಗ್ ಅವರು ವಿಶ್ರಾಂತಿಯಲ್ಲಿರುವ ಸ್ನಾಯುವಿನಲ್ಲಿ ಕೆಲವೇ ಲೋಮನಾಳಗಳಲ್ಲಿ ರಕ್ತ ಹರಿಯುತ್ತಿರುತ್ತದೆ, ದುಡಿಯುವಾಗ ಉಳಿದವೂ ತೆರೆದುಕೊಳ್ಳುತ್ತವೆ ಎಂದು ತೋರಿಸಿ 1920ರ ನೊಬೆಲ್ ಪ್ರಶಸ್ತಿ ಪಡೆದರು. ಹೊಲದೊಳಗಿನ ಚಿಕ್ಕ ಕಾಲುವೆಗಳ ತೂಬು ತೆರೆದಂತೆ ಅದು. ಹೀಗಾಗಿ ಸ್ನಾಯುಗಳು 100 ಮಿ.ಲೀ. ರಕ್ತದಿಂದ 5ರ ಬದಲು 16 ಮಿ.ಲೀ. ಆಮ್ಲಜನಕವನ್ನು ಹೀರಬಲ್ಲವು. 20 ಲೀಟರ್ ರಕ್ತಕ್ಕೆ ಈ ಲೆಕ್ಕದಲ್ಲಿ 3.2 ಲೀಟರ್ ಆಮ್ಲಜನಕವಾಯಿತು. ಕುಳಿತಾಗಿನ 250 ಮಿ.ಲೀ.ಗೆ ಹೋಲಿಸಿದರೆ ಹದಿಮೂರು ಪಟ್ಟು.

ಒಬ್ಬ ವ್ಯಕ್ತಿ ಹೀಗೆ ಗರಿಷ್ಠವಾಗಿ ಎಷ್ಟು ಆಮ್ಲಜನಕವನ್ನು ಬಳಸಬಲ್ಲನು ಎಂಬುದೇ ಈ ಶಾಸ್ತ್ರದ ಪ್ರಧಾನ ಅಳತೆ. ಇಂಗ್ಲೆಂಡಿನ ಎ.ವಿ. ಹಿಲ್ ಅವರು 1920ರ ದಶಕದಲ್ಲಿ, ಬಿಟ್ಟ ಉಸಿರನ್ನು ಹಿಡಿಯುವ ಚೀಲವನ್ನು ಬೆನ್ನಿಗೆ ಕಟ್ಟಿಕೊಂಡು ತಾವೇ ಓಡಿ, ಓಟದ ವೇಗ ಹೆಚ್ಚಿಸುತ್ತ ಹೋದರೂ ಒಂದು ಮಿತಿಯ ನಂತರ ಆಮ್ಲಜನಕದ ಬಳಕೆ ಹೆಚ್ಚುವುದಿಲ್ಲವೆಂದು ಕಂಡರು. ಆ ಮಿತಿಯೇ ನಮ್ಮ ಗರಿಷ್ಠ ಸಾಮರ್ಥ್ಯ. ಅದಕ್ಕೂ ಆಚೆಗಿನ ಶಕ್ತಿಯನ್ನು ಸ್ನಾಯುಗಳು ಆಮ್ಲಜನಕವಿಲ್ಲದೆ ಸಕ್ಕರೆಯನ್ನು ಒಡೆದು ಪಡೆಯುತ್ತವೆ. ಆ ದಾರಿ ಒಂದೆರಡು ನಿಮಿಷಗಳಿಗಿಂತ ಹೆಚ್ಚು ಸಾಗದು. ಅದರಿಂದ ಹುಟ್ಟುವ ಲ್ಯಾಕ್ಟಿಕ್ ಆಮ್ಲವೇ ಮರುದಿನದ ಮೈಕೈ ನೋವಿಗೆ ಕಾರಣವೆಂದು ಇಂದಿಗೂ ಉತ್ತರಪತ್ರಿಕೆಗಳಲ್ಲಿ ಬರೆಯುವವರಿದ್ದಾರೆ. ಅದು ತಪ್ಪು. ದಣಿದ ಒಂದು ತಾಸಿನೊಳಗೆ ಅದು ಬಹುತೇಕ ಕರಗಿಹೋಗಿರುತ್ತದೆ. ಎರಡನೆಯ ದಿನ ಕಾಡುವ ನೋವಿಗೆ ಕಾರಣ ಸ್ನಾಯು ಎಳೆಗಳಲ್ಲಿ ಆದ ಸೂಕ್ಷ್ಮ ಹಾನಿ. ಬೆಟ್ಟ ಹತ್ತಿದ್ದಕ್ಕಿಂತ ಇಳಿದದ್ದು ತೊಡೆಗಳನ್ನು ಹೆಚ್ಚು ನೋಯಿಸುವುದು ಅದಕ್ಕೇ. ಇಳಿಯುವಾಗ ಸ್ನಾಯು ಭಾರವನ್ನು ತಡೆಯುತ್ತಲೇ ಹಿಗ್ಗಬೇಕಾಗುತ್ತದೆ. ಶ್ರೀಶೈಲಕ್ಕೆ ಪಾದಯಾತ್ರೆ ಹೋಗುವವರು ಘಟ್ಟ ಇಳಿದ ಮರುದಿನ ಇದನ್ನು ಪುಸ್ತಕವಿಲ್ಲದೆಯೇ ಕಲಿತಿರುತ್ತಾರೆ.

ಕಾಲೇಜಿನ ಪ್ರಯೋಗಾಲಯದಲ್ಲಿ ಇಷ್ಟೆಲ್ಲ ಅಳೆಯುವ ದುಬಾರಿ ಯಂತ್ರಗಳು ಎಲ್ಲೆಡೆ ಇರುವುದಿಲ್ಲ. ಅಲ್ಲಿ ಒಂದು ಮರದ ಮೆಟ್ಟಿಲು ಇರುತ್ತದೆ. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ 1927ರಿಂದ 1947ರವರೆಗೆ ದಣಿವಿನ ಅಧ್ಯಯನಕ್ಕೆಂದೇ ಒಂದು ಪ್ರಯೋಗಾಲಯವಿತ್ತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಲ್ಲಿ ರೂಪುಗೊಂಡದ್ದು ಈ ಮೆಟ್ಟಿಲು ಪರೀಕ್ಷೆ. ಗಂಡಸರಿಗಾಗಿ ಅಲ್ಲಿ ಇಟ್ಟದ್ದು 20 ಅಂಗುಲದ ಮೆಟ್ಟಿಲು. ನಿಮಿಷಕ್ಕೆ 30 ಬಾರಿಯಂತೆ 5 ನಿಮಿಷ ಹತ್ತಿ ಇಳಿಯಬೇಕು. ಕುಳಿತ ಮೇಲೆ ಒಂದು ನಿಮಿಷ ಬಿಟ್ಟು ಅರ್ಧ ನಿಮಿಷ, ಎರಡು ನಿಮಿಷ ಬಿಟ್ಟು ಅರ್ಧ ನಿಮಿಷ, ಮೂರು ನಿಮಿಷ ಬಿಟ್ಟು ಅರ್ಧ ನಿಮಿಷ ನಾಡಿ ಎಣಿಸಬೇಕು. ಹತ್ತಿದ ಒಟ್ಟು ಸೆಕೆಂಡುಗಳನ್ನು 100ರಿಂದ ಗುಣಿಸಿ, ಮೂರು ಎಣಿಕೆಗಳ ಮೊತ್ತದ ಎರಡರಷ್ಟರಿಂದ ಭಾಗಿಸಿದರೆ ಅಂಕ ಸಿಗುತ್ತದೆ. ಪೂರ್ಣ 300 ಸೆಕೆಂಡು ಹತ್ತಿದವನ ಮೂರು ಎಣಿಕೆಗಳ ಮೊತ್ತ 200 ಆದರೆ ಅಂಕ 75. ಅದು 80 ಮೀರಿದರೆ ಉತ್ತಮ. 55ಕ್ಕಿಂತ ಕೆಳಗಿದ್ದರೆ ದುರ್ಬಲ. ದುಡಿಮೆಯ ನಂತರ ಹೃದಯ ಎಷ್ಟು ಬೇಗ ಶಾಂತವಾಗುತ್ತದೆ ಎಂಬುದೇ ಇಲ್ಲಿ ಸಾಮರ್ಥ್ಯದ ಕುರುಹು.

ಈ ಪರೀಕ್ಷೆಯ ದಿನ ಪ್ರತಿ ವರ್ಷವೂ ಒಂದು ದೃಶ್ಯ ಮರುಕಳಿಸುತ್ತಿತ್ತು. ಚುರುಕಾಗಿ ಓದುವ ಹುಡುಗಿಯೊಬ್ಬಳು ಎರಡನೆಯ ನಿಮಿಷಕ್ಕೇ ಏದುಸಿರು ಬಿಡುತ್ತ ನಿಲ್ಲುತ್ತಾಳೆ. “ನನ್ನ ಮೈಯೇ ಇಷ್ಟು ಸರ್” ಎನ್ನುತ್ತಾಳೆ. ಪಕ್ಕದ ವಿಭಾಗದಲ್ಲಿ ರಕ್ತ ಪರೀಕ್ಷಿಸಿದರೆ ಹಿಮೋಗ್ಲೋಬಿನ್ 9 ಗ್ರಾಂ. ಒಂದು ಗ್ರಾಂ ಹಿಮೋಗ್ಲೋಬಿನ್ 1.34 ಮಿ.ಲೀ. ಆಮ್ಲಜನಕವನ್ನು ಹೊರಬಲ್ಲದು. 15 ಗ್ರಾಂ ಇದ್ದಾಗ 20 ಮಿ.ಲೀ., 9 ಇದ್ದಾಗ ಕೇವಲ 12. ಕಾಲುವೆ ತುಂಬಿ ಹರಿಯುತ್ತಿದ್ದರೂ ನೀರಿನಲ್ಲಿ ಸತ್ತ್ವವಿಲ್ಲ. ಅವಳ ಮೈ “ಇಷ್ಟೇ” ಅಲ್ಲ; ಅವಳಿಗೆ ಚಿಕಿತ್ಸೆ ಬೇಕು. ನಮ್ಮ ಹೆಣ್ಣುಮಕ್ಕಳಲ್ಲಿ ರಕ್ತಹೀನತೆ ಎಷ್ಟು ವ್ಯಾಪಕವೆಂದು ಬಲ್ಲ ತಾಯಂದಿರು ಈ ಒಂದು ಗುಣಾಕಾರವನ್ನು ನೆನಪಿನಲ್ಲಿಟ್ಟುಕೊಳ್ಳಬೇಕು.

ಇಷ್ಟು ಪೀಠಿಕೆಯ ನಂತರ, ನಾನು ತರಗತಿಯಲ್ಲಿ ಎಲ್ಲಕ್ಕಿಂತ ಹೆಚ್ಚು ಸಮಯ ಕೊಡುತ್ತಿದ್ದ ಅಧ್ಯಯನಕ್ಕೆ ಬರುತ್ತೇನೆ.

1966ರ ಬೇಸಿಗೆಯಲ್ಲಿ ಅಮೆರಿಕದ ಡಲ್ಲಾಸ್ ನಗರದ ವೈದ್ಯಕೀಯ ಶಾಲೆಯೊಂದರಲ್ಲಿ ಐವರು ತರುಣರ ಮೇಲೆ ಒಂದು ಪ್ರಯೋಗ ನಡೆಯಿತು. ಐವರೂ ಇಪ್ಪತ್ತು ವರ್ಷದ ಆರೋಗ್ಯವಂತ ಕಾಲೇಜು ಹುಡುಗರು. ಇಬ್ಬರು ಮೊದಲೇ ಕ್ರೀಡೆಯ ರೂಢಿಯುಳ್ಳವರು. ಮೂವರು ಅಷ್ಟೇನೂ ಮೈ ದಣಿಸದವರು. ಸ್ವೀಡನ್ನಿನಿಂದ ಬಂದಿದ್ದ ಬೆಂಗ್ಟ್ ಸಾಲ್ಟಿನ್, ಡಲ್ಲಾಸಿನ ಜೆರ್ ಮಿಚೆಲ್ ಮೊದಲಾದವರು ಅವರ ಹೃದಯ, ರಕ್ತ, ಉಸಿರುಗಳನ್ನು ಕೂಲಂಕಷವಾಗಿ ಅಳೆದರು. ನಂತರ ಆ ಹುಡುಗರನ್ನು ಇಪ್ಪತ್ತು ದಿನ ಹಾಸಿಗೆಯಲ್ಲಿ ಮಲಗಿಸಿದರು. ರೋಗವಿಲ್ಲ, ಜ್ವರವಿಲ್ಲ, ಉಪವಾಸವಿಲ್ಲ, ಬರೀ ವಿಶ್ರಾಂತಿ. ಆಮೇಲೆ ಮತ್ತೆ ಅಳೆದರು.

ಮಲಗುವ ಮೊದಲು ಅವರ ಗರಿಷ್ಠ ಆಮ್ಲಜನಕ ಬಳಕೆ ಸರಾಸರಿ ನಿಮಿಷಕ್ಕೆ 3.3 ಲೀಟರ್ ಇತ್ತು. ಎದ್ದ ಮೇಲೆ 2.4 ಲೀಟರ್. ಕಾಲುಭಾಗಕ್ಕಿಂತ ಹೆಚ್ಚು ಶಕ್ತಿ ಇಪ್ಪತ್ತು ದಿನಗಳಲ್ಲಿ ಸೋರಿಹೋಗಿತ್ತು. ಎಲ್ಲಿ ಸೋರಿತು? ಇಲ್ಲಿಯೇ ಫಿಕ್ ಅವರ ಸಮೀಕರಣ ಕೈಗೆ ಬರುತ್ತದೆ. ಸ್ನಾಯುಗಳು ರಕ್ತದಿಂದ ಹೀರುವ ಪ್ರಮಾಣ ಬಹುತೇಕ ಹಾಗೆಯೇ ಇತ್ತು. ಆದರೆ ಹೃದಯವು ಗರಿಷ್ಠ ಹೊರಹಾಕುತ್ತಿದ್ದ ರಕ್ತ 20 ಲೀಟರ್‌ನಿಂದ 15 ಲೀಟರ್‌ಗಿಂತಲೂ ಕೆಳಗೆ ಇಳಿದಿತ್ತು. ಹೊಲ ಸರಿಯಿತ್ತು, ಕಾಲುವೆ ಬತ್ತಿತ್ತು.

ಇದಕ್ಕೆ ಕಾರಣವನ್ನು ಸ್ವಲ್ಪ ವಿವರಿಸಬೇಕು, ಏಕೆಂದರೆ ಮನೆಗಳಲ್ಲಿ ನಿತ್ಯ ಕಾಣುವ ಒಂದು ಸಂಗತಿಯ ಗುಟ್ಟು ಇದರಲ್ಲಿದೆ. ನಿಂತಾಗ ರಕ್ತದ ಗಣನೀಯ ಭಾಗ ಕಾಲುಗಳತ್ತ ಇಳಿದಿರುತ್ತದೆ. ಮಲಗಿದಾಗ ಅದು ಎದೆಯತ್ತ ಸರಿಯುತ್ತದೆ. ಎದೆಯಲ್ಲಿ ದ್ರವ ಹೆಚ್ಚಾಯಿತೆಂದು ದೇಹ ಭಾವಿಸಿ, ಮೂತ್ರಪಿಂಡಗಳ ಮೂಲಕ ಅದನ್ನು ಹೊರಹಾಕುತ್ತದೆ. ಕೆಲವೇ ದಿನಗಳಲ್ಲಿ ರಕ್ತದ ನೀರಿನ ಅಂಶ ಕುಗ್ಗುತ್ತದೆ. ವಾರಗಳು ಕಳೆದಂತೆ ಹೃದಯದ ಸ್ನಾಯುವೂ ಸೊರಗುತ್ತದೆ. ಹೀಗಾಗಿ ಪ್ರತಿ ಬಡಿತಕ್ಕೂ ಹೃದಯದಲ್ಲಿ ತುಂಬುವ ರಕ್ತವೇ ಕಡಿಮೆ. ಬಹುದಿನ ಮಲಗಿದ್ದವರು ಎದ್ದು ನಿಂತಾಗ ಕಣ್ಣಿಗೆ ಕತ್ತಲೆ ಬಂದು ತೂರಾಡುವುದು, ನಾಲ್ಕು ಹೆಜ್ಜೆಗೆ ಎದೆ ಡವಡವ ಎನ್ನುವುದು ಬಹುಮಟ್ಟಿಗೆ ಇದರಿಂದಲೇ. ಮನೆಯವರು ಅದನ್ನು ಕಂಡು “ಇನ್ನೂ ನಿಶ್ಶಕ್ತಿ ಹೋಗಿಲ್ಲ, ಮಲಗಿರಲಿ” ಎನ್ನುತ್ತಾರೆ. ಮಲಗಿದ್ದರಿಂದ ಬಂದ ನಿಶ್ಶಕ್ತಿಗೆ ಮತ್ತಷ್ಟು ಮಲಗುವುದೇ ಮದ್ದಾಗಿಬಿಡುತ್ತದೆ.

ಡಲ್ಲಾಸಿನ ಹುಡುಗರ ಕಥೆ ಅಲ್ಲಿಗೆ ನಿಲ್ಲಲಿಲ್ಲ. ಮುಂದೆ ಸುಮಾರು ಎಂಟು ವಾರ ಅವರಿಗೆ ಕಟ್ಟುನಿಟ್ಟಾದ ವ್ಯಾಯಾಮ ಕೊಟ್ಟರು. 2.4ಕ್ಕೆ ಇಳಿದಿದ್ದ ಅಂಕಿ 3.9 ಲೀಟರ್‌ಗೆ ಏರಿತು. ಮಲಗುವ ಮೊದಲಿಗಿಂತಲೂ ಹೆಚ್ಚು. 1968ರಲ್ಲಿ ಈ ವರದಿ ಪ್ರಕಟವಾದಾಗ ಜಗತ್ತಿನ ವೈದ್ಯರು ಗಂಭೀರವಾಗಿ ಯೋಚಿಸಬೇಕಾಯಿತು. ಏಕೆಂದರೆ ಶತಮಾನದ ಮಧ್ಯದವರೆಗೂ ಹೃದಯಾಘಾತವಾದವರನ್ನು ನಾಲ್ಕರಿಂದ ಆರು ವಾರ ಅಲುಗದಂತೆ ಮಲಗಿಸುವುದು ಸಂಪ್ರದಾಯವಾಗಿತ್ತು. 1952ರಲ್ಲಿ ಬೋಸ್ಟನ್ನಿನ ಸ್ಯಾಮ್ಯುಯೆಲ್ ಲೆವಿನ್ ಮತ್ತು ಬರ್ನಾರ್ಡ್ ಲೌನ್ ಅಂತಹ ರೋಗಿಗಳನ್ನು ಬೇಗನೆ ಕುರ್ಚಿಯಲ್ಲಿ ಕೂರಿಸುವುದೇ ಒಳಿತೆಂದು ಬರೆದಿದ್ದರು. ಮಲಗಿಸುವುದರಲ್ಲಿ ಕರುಣೆಯಿತ್ತು, ಶಿಸ್ತಿತ್ತು. ಅಳತೆ ಮಾತ್ರ ಇರಲಿಲ್ಲ.

ಮೂವತ್ತು ವರ್ಷಗಳ ನಂತರ, 1996ರಲ್ಲಿ, ಅದೇ ಐವರನ್ನು ಮತ್ತೆ ಕರೆಸಿ ಅಳೆದರು. ಈಗ ಅವರಿಗೆ ಐವತ್ತು ವರ್ಷ. ಸರಾಸರಿ ತೂಕ 77 ಕಿಲೋದಿಂದ 100 ಕಿಲೋಗೆ ಏರಿತ್ತು. ದೇಹದ ಕೊಬ್ಬು ಎರಡು ಪಟ್ಟಾಗಿತ್ತು. ಗರಿಷ್ಠ ಆಮ್ಲಜನಕ ಬಳಕೆ 2.9 ಲೀಟರ್. ಈ ಅಂಕಿಯನ್ನು ಕಪ್ಪುಹಲಗೆಯ ಮೇಲೆ ಬರೆದು, ಪಕ್ಕದಲ್ಲಿ 2.4 ಎಂದು ಬರೆದು ನಾನು ಸುಮ್ಮನೆ ನಿಲ್ಲುತ್ತಿದ್ದೆ. ಹಿಂದಿನ ಬೆಂಚಿನಿಂದ ಯಾರಾದರೂ ಕೂಗುವವರೆಗೆ ಕಾಯುತ್ತಿದ್ದೆ. ಮೂವತ್ತು ವರ್ಷದ ಮುಪ್ಪು ಕಸಿದದ್ದಕ್ಕಿಂತ ಹೆಚ್ಚನ್ನು ಇಪ್ಪತ್ತು ದಿನದ ಹಾಸಿಗೆ ಕಸಿದಿತ್ತು.

ಅದಕ್ಕಿಂತಲೂ ಸೂಕ್ಷ್ಮವಾದ ಸಂಗತಿ ಇನ್ನೊಂದಿದೆ. ಪರೀಕ್ಷೆಯಲ್ಲಿ ಜಾಣ ವಿದ್ಯಾರ್ಥಿಯನ್ನು ಗುರುತಿಸಲು ನಾನು ಇದನ್ನೇ ಕೇಳುತ್ತಿದ್ದೆ. ಐವತ್ತರಲ್ಲಿ ಅವರ ಹೃದಯ ಗರಿಷ್ಠ ಹೊರಹಾಕುತ್ತಿದ್ದ ರಕ್ತ 21 ಲೀಟರ್‌ನಷ್ಟಿತ್ತು. ಅಂದರೆ ಇಪ್ಪತ್ತರ ಹರೆಯಕ್ಕಿಂತ ಕಡಿಮೆಯಾಗಿರಲಿಲ್ಲ. ಕುಗ್ಗಿದ್ದು ಹೀರುವಿಕೆ. 100 ಮಿ.ಲೀ.ಗೆ 16ರಷ್ಟಿದ್ದದ್ದು 14ಕ್ಕೂ ಕೆಳಗೆ ಬಂದಿತ್ತು. ಅಂದರೆ ಹಾಸಿಗೆ ಕಾಲುವೆಯನ್ನು ಬತ್ತಿಸಿದ್ದರೆ, ಮೂವತ್ತು ವರ್ಷದ ಆಲಸ್ಯ ಮತ್ತು ವಯಸ್ಸು ಹೊಲವನ್ನು ಬಂಜರಾಗಿಸಿತ್ತು. ಆರು ತಿಂಗಳು ನಡಿಗೆ, ನಿಧಾನ ಓಟ, ಸೈಕಲ್‌ಗಳಿಂದ ಕ್ರಮೇಣ ಪಳಗಿಸಿದಾಗ ಅವರ ಸಾಮರ್ಥ್ಯ ಮರಳಿ 3.3 ಲೀಟರ್ ತಲುಪಿತು. ಆಗ ಸುಧಾರಿಸಿದ್ದು ಹೃದಯವಲ್ಲ, ಸ್ನಾಯುಗಳ ಹೀರುವಿಕೆ. 1966ರ ತರಬೇತಿಯ ನಂತರ ಮುಟ್ಟಿದ್ದ ಎತ್ತರವನ್ನು ಮಾತ್ರ ಅವರಲ್ಲಿ ಒಬ್ಬರೂ ಮತ್ತೆ ಮುಟ್ಟಲಿಲ್ಲ. ಅಧ್ಯಯನಕ್ಕೆ ಒಳಗಾದವರು ಐವರೇ, ಅದೂ ಗಂಡಸರೇ ಎಂಬ ಆಕ್ಷೇಪವನ್ನು ವಿದ್ಯಾರ್ಥಿಗಳು ಎತ್ತಬೇಕು. ಎತ್ತಿದವರನ್ನು ನಾನು ಮೆಚ್ಚುತ್ತಿದ್ದೆ. ಆದರೆ ಹಾಸಿಗೆಯ ದುಷ್ಪರಿಣಾಮವನ್ನು ಅನಂತರದ ಅನೇಕ ಪ್ರಯೋಗಗಳು ದೃಢಪಡಿಸಿವೆ. ಅವುಗಳಲ್ಲೊಂದರಲ್ಲಿ ಅರವತ್ತು ದಾಟಿದ ಆರೋಗ್ಯವಂತರನ್ನು ಕೇವಲ ಹತ್ತು ದಿನ ಮಲಗಿಸಿದಾಗ ಅವರ ಎರಡು ಕಾಲುಗಳಿಂದ ಸುಮಾರು ಒಂದು ಕಿಲೋ ಮಾಂಸಖಂಡ ಕರಗಿತ್ತು.

ಹಾವೇರಿ ಕಡೆಯ ಹಳ್ಳಿಯೊಂದರಿಂದ ಬಂದಿದ್ದ ವಿದ್ಯಾರ್ಥಿನಿಯೊಬ್ಬಳು ಈ ಪಾಠವಾದ ದಿನ ತರಗತಿ ಮುಗಿದ ಮೇಲೆ ಬಂದು ನಿಂತಳು. ಅವಳ ಆಯಿಗೆ ಎಪ್ಪತ್ತನಾಲ್ಕು ವರ್ಷ. ನ್ಯುಮೋನಿಯಾ ಆಗಿ ಹನ್ನೆರಡು ದಿನ ಆಸ್ಪತ್ರೆಯಲ್ಲಿದ್ದು, ರೋಗ ಗುಣವಾಗಿ ಮನೆಗೆ ಬಂದಿದ್ದರು. ಬಂದು ಆರು ವಾರವಾಗಿತ್ತು. ಮಂಚದಿಂದ ಇಳಿದಿರಲಿಲ್ಲ. ಇಳಿಯಲು ಹೊರಟಾಗಲೆಲ್ಲ ಮಗ “ಯವ್ವಾ, ನೀ ಏಳಬ್ಯಾಡ, ಮಲಕ್ಕೋ” ಎಂದು ಅಕ್ಕರೆಯಿಂದ ತಡೆಯುತ್ತಿದ್ದರು. ಊಟ ಮಂಚಕ್ಕೇ. ಅದೂ ಗಂಜಿ, ಅನ್ನ, ತಿಳಿಸಾರು. ಆಯಿಗೆ ಇದ್ದ ಕೊರಗು ಒಂದೇ. ಐವತ್ತು ವರ್ಷಗಳಿಗೂ ಹೆಚ್ಚು ಕಾಲ ಬೆಳಗಿನಲ್ಲಿ ಮಿಂದು, ನೆಲಕ್ಕೆ ಮಣೆ ಹಾಕಿ ಕುಳಿತು ಇಷ್ಟಲಿಂಗ ಪೂಜೆ ಮಾಡಿಕೊಂಡು ಬಂದವರು ಈಗ ಮಂಚದ ಮೇಲೆ ದಿಂಬಿಗೆ ಒರಗಿ ಪೂಜೆ ಮಾಡಬೇಕಾಗಿತ್ತು. ಲಿಂಗಪೂಜೆಗೆ ಮಂಚವೂ ಮಣೆಯೂ ಒಂದೇ ಎಂದು ಅಯ್ಯನವರು ಸಮಾಧಾನ ಹೇಳಿದ್ದರಂತೆ. ಆಯಿಗೆ ಸಮಾಧಾನವಾಗಿರಲಿಲ್ಲ.

“ಸರ್, ಆಯಿದು ಕಾಲುವೆ ಬತ್ತಿರೋದಾ, ಹೊಲ ಬಂಜರಾಗಿರೋದಾ?” ಎಂದು ಅವಳು ಕೇಳಿದಳು. ಎರಡೂ ಇರಬಹುದು ಎಂದೆ. ನನ್ನ ವೃತ್ತಿಯಲ್ಲಿ ನನಗೆ ಸಿಕ್ಕ ಒಳ್ಳೆಯ ಪ್ರಶ್ನೆಗಳಲ್ಲಿ ಅದೂ ಒಂದು.

ದಸರಾ ರಜೆಗೆ ಹೋದವಳು ಮೊದಲು ಮಾಡಿದ ಕೆಲಸ ಚಿಕಿತ್ಸೆ ಕೊಟ್ಟ ವೈದ್ಯರನ್ನು ಕಂಡು ಒಪ್ಪಿಗೆ ಪಡೆದದ್ದು. ಇದನ್ನು ನಾನು ಒತ್ತಿ ಹೇಳಿದ್ದೆ. ಮೊದಲ ಎರಡು ದಿನ ಮಂಚದ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂರಿಸಿದ್ದು ಮಾತ್ರ. ದಿನಕ್ಕೆ ನಾಲ್ಕೈದು ಸಲ, ಹತ್ತು ಹದಿನೈದು ನಿಮಿಷ. ತಲೆ ಸುತ್ತು ಬಂದರೆ ಮತ್ತೆ ಮಲಗಿಸುವುದು. ರಕ್ತನಾಳಗಳು ನಿಲುವಿಗೆ ಮತ್ತೆ ಒಗ್ಗಬೇಕು. ಅದಕ್ಕೆ ಆತುರ ಸಲ್ಲದು. ಮೂರನೆಯ ದಿನ ಗಟ್ಟಿಯಾದ ಕುರ್ಚಿಯೊಂದನ್ನು ಗೋಡೆಗೆ ಆನಿಸಿಟ್ಟು, ಕೈಗಳನ್ನು ಊರಿ ಎದ್ದು ಮತ್ತೆ ಕೂರುವುದು. ಅಂದು ಮೂರು ಸಲಕ್ಕೆ ಆಯಿ ಕೈಬಿಟ್ಟರು. “ಏನವ್ವಾ ತಂಗಿ, ಕುಂತು ಏಳೂದ ಕಲಿಸಾಕ ನಿಮಗ ನಾಕು ವರ್ಷ ಬೇಕೇನು?” ಎಂದರಂತೆ. ದಾಸೋಹದಲ್ಲಿ ಕೇಳಿದ ಪ್ರಶ್ನೆಯೂ ಇದೇ ಅಲ್ಲವೇ!

ಕುರ್ಚಿಯಿಂದ ಏಳುವುದು ಸಣ್ಣ ಕೆಲಸವೆಂದು ತೋರುತ್ತದೆ. ತೊಡೆಯ ಮುಂಭಾಗದ ಮತ್ತು ಪೃಷ್ಠದ ದೊಡ್ಡ ಸ್ನಾಯುಗಳು ಇಡೀ ಮೈಭಾರವನ್ನು ಎತ್ತಬೇಕಾದ ಕೆಲಸ ಅದು. ಮಲಗಿದಾಗ ಮೊದಲು ಕರಗುವ ಸ್ನಾಯುಗಳಲ್ಲಿ ಇವು ಸೇರಿವೆ. ನಿಧಾನವಾಗಿ ಕೂರುವುದೂ ಏಳುವಷ್ಟೇ ಮುಖ್ಯ. ಕಾಲುವೆಗೆ ಬೇಕಾದದ್ದು ನಡಿಗೆ. ಮಂಚದಿಂದ ಪಡಸಾಲೆಗೆ, ಅಲ್ಲಿಂದ ಹಿತ್ತಲ ಬಾಗಿಲಿಗೆ, ಮತ್ತೆ ವಾಪಸ್ಸು. ಎಷ್ಟು ಜೋರಾಗಿ ನಡೆಯಬೇಕೆಂಬುದಕ್ಕೆ ಮಾತೇ ಅಳತೆ: ಮಾತನಾಡುತ್ತ ನಡೆಯಲು ಸಾಧ್ಯವಿರಬೇಕು. 220ರಿಂದ ವಯಸ್ಸನ್ನು ಕಳೆದು ಗರಿಷ್ಠ ನಾಡಿ ಬಡಿತ ಕಂಡುಹಿಡಿಯುವ ಸೂತ್ರವನ್ನು ಎರಡನೆಯ ವರ್ಷದ ವಿದ್ಯಾರ್ಥಿಗಳು ಮಂತ್ರದಂತೆ ಎಲ್ಲರ ಮೇಲೂ ಪ್ರಯೋಗಿಸುತ್ತಾರೆ. ಅದು ಸ್ಥೂಲ ಸರಾಸರಿ. ವ್ಯಕ್ತಿಯಿಂದ ವ್ಯಕ್ತಿಗೆ ಹತ್ತು ಹನ್ನೆರಡು ಬಡಿತ ಸುಲಭವಾಗಿ ಆಚೀಚೆಯಾಗುತ್ತದೆ. ರಕ್ತದೊತ್ತಡಕ್ಕೆಂದು ಅಟೆನೊಲಾಲ್, ಮೆಟೊಪ್ರೊಲಾಲ್ ಬಗೆಯ ಮಾತ್ರೆ ತೆಗೆದುಕೊಳ್ಳುವ ಹಿರಿಯರಲ್ಲಂತೂ ನಾಡಿ ಅಷ್ಟಾಗಿ ಏರುವುದಿಲ್ಲ. ಅವರ ವಿಷಯದಲ್ಲಿ ಈ ಸೂತ್ರ ದಾರಿ ತಪ್ಪಿಸುತ್ತದೆ.

ಊಟದಲ್ಲಿಯೂ ಅವಳು ಕೈಯಾಡಿಸಿದಳು. ಕರಗಿದ ಮಾಂಸಖಂಡ ಮತ್ತೆ ಕಟ್ಟಲು ದುಡಿಮೆಯ ಜೊತೆಗೆ ಪ್ರೋಟೀನು ಬೇಕು. ಹಿರಿಯರಿಗೆ ಮೈತೂಕದ ಪ್ರತಿ ಕಿಲೋಗೆ ದಿನಕ್ಕೆ 1ರಿಂದ 1.2 ಗ್ರಾಂ ಬೇಕೆಂದು ತಜ್ಞರು ಹೇಳುತ್ತಾರೆ. ಗಂಜಿ, ತಿಳಿಸಾರಿನಿಂದ ಅದರ ಅರ್ಧವೂ ಸಿಗದು. ನಮ್ಮ ಶಾಕಾಹಾರದಲ್ಲಿ ಅದಕ್ಕೆ ಕೊರತೆಯೇನಿಲ್ಲ: ಹೆಸರುಕಾಳು, ಮಡಿಕೆಕಾಳು, ತೊಗರಿಬೇಳೆ, ಹಾಲು, ಗಟ್ಟಿಮೊಸರು, ಶೇಂಗಾ ಹಿಂಡಿ. ಹಲ್ಲಿಲ್ಲದವರಿಗೆ ಬೇಳೆಯನ್ನು ಮೆತ್ತಗೆ ಬೇಯಿಸಿ ಗಟ್ಟಿಯಾಗಿಯೇ ಕೊಡಬೇಕು, ಬರೀ ಕಟ್ಟನ್ನಲ್ಲ. ಮೂತ್ರಪಿಂಡದ ತೊಂದರೆ ಇರುವವರು ಮಾತ್ರ ವೈದ್ಯರನ್ನು ಕೇಳದೆ ಪ್ರೋಟೀನು ಹೆಚ್ಚಿಸಕೂಡದು.

ಈ ಲೇಖನ ಓದಿದವರು ಇಂದೇ ಹಿರಿಯರನ್ನು ಮಂಚದಿಂದ ಎಬ್ಬಿಸಲು ಹೊರಡಬಾರದು ಎಂದು ಎಚ್ಚರಿಸುವುದು ನನ್ನ ಕರ್ತವ್ಯ. ಮೂಳೆ ಮುರಿದವರು, ಇತ್ತೀಚೆಗೆ ಹೃದಯಾಘಾತ ಅಥವಾ ಪಾರ್ಶ್ವವಾಯು ಆದವರು, ಶಸ್ತ್ರಚಿಕಿತ್ಸೆ ಆದವರು ವೈದ್ಯರ ಮತ್ತು ಫಿಸಿಯೋಥೆರಪಿಸ್ಟರ ನಿರ್ದೇಶನದಂತೆಯೇ ಏಳಬೇಕು. ಒಂದೇ ಕಾಲಿನ ಮೀನಖಂಡ ಊದಿಕೊಂಡು ನೋಯುತ್ತಿದ್ದರೆ ರಕ್ತ ಹೆಪ್ಪುಗಟ್ಟಿರಬಹುದು. ಅದನ್ನು ತಿಕ್ಕದೆ, ನಡೆಸದೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಬೇಕು. ನಡೆಯುವಾಗ ಎದೆ ನೋವು, ತಣ್ಣನೆಯ ಬೆವರು, ಮಾತನಾಡಲಾಗದ ಏದುಸಿರು ಕಂಡರೆ ಅಲ್ಲಿಗೇ ನಿಲ್ಲಿಸಬೇಕು. ಆದರೆ ಇಂತಹ ಯಾವ ಕಾರಣವೂ ಇಲ್ಲದೆ, ಬರೀ ಅಕ್ಕರೆಯಿಂದ ಮಲಗಿಸಿದ್ದರೆ, ಮುಂದಿನ ಭೇಟಿಯಲ್ಲಿ ವೈದ್ಯರನ್ನು “ಇವರು ಯಾವಾಗಿನಿಂದ ಎದ್ದು ಓಡಾಡಬಹುದು, ಎಷ್ಟು?” ಎಂದು ನೇರವಾಗಿ ಕೇಳಬೇಕು. ಮಾತ್ರೆಗಳ ಬಗ್ಗೆ ಹತ್ತು ಪ್ರಶ್ನೆ ಕೇಳುವ ನಾವು ಇದೊಂದನ್ನು ಮರೆಯುತ್ತೇವೆ.

ಈ ವಿಷಯದ ಬಗ್ಗೆ ಭಾಷಣ ಮಾಡುವಾಗ ಕೆಲವರು, ಶರಣರು ಕಾಯಕವನ್ನು ಬೋಧಿಸಿದ್ದು ಇದೇ ವಿಜ್ಞಾನವನ್ನು ಬಲ್ಲವರಾಗಿ ಎನ್ನುತ್ತಾರೆ. ಹಾಗೆ ಎಳೆದು ತರುವುದು ನನಗೆ ಸರಿತೋರದು. ದೋಣಿ ಹುಟ್ಟು ಹಾಕಿದ ಅಂಬಿಗರ ಚೌಡಯ್ಯನವರು, ಬಟ್ಟೆ ಒಗೆದ ಮಡಿವಾಳ ಮಾಚಿದೇವರು, ಹಗ್ಗ ಹೊಸೆದ ನುಲಿಯ ಚಂದಯ್ಯನವರು ದುಡಿದದ್ದು ಆರೋಗ್ಯಕ್ಕಾಗಿ ಅಲ್ಲ. ಅವರ ಕಾಯಕದ ಘನತೆಗೆ ಆಮ್ಲಜನಕದ ಲೆಕ್ಕದ ಸಾಕ್ಷಿ ಬೇಕಾಗಿಯೂ ಇಲ್ಲ. ದೇಹವನ್ನು ತುಚ್ಛವಾಗಿ ಕಾಣದ ಪರಂಪರೆಯಲ್ಲಿ ಬೆಳೆದ ಮಕ್ಕಳಿಗೆ ಈ ವಿದ್ಯೆ ಪರಕೀಯವೆನಿಸಬಾರದು ಎಂಬಷ್ಟನ್ನು ಮಾತ್ರ ಹೇಳಬಲ್ಲೆ.

ರಜೆ ಮುಗಿಸಿ ಬಂದ ಹುಡುಗಿ ತನ್ನ ನೋಟುಪುಸ್ತಕ ತಂದು ತೋರಿಸಿದಳು. ಪ್ರತಿ ದಿನದ ಮುಂದೆ ಕುಳಿತಾಗಿನ ನಾಡಿ, ನಡೆದ ಮೇಲಿನ ನಾಡಿ, ಕುರ್ಚಿಯಿಂದ ಎದ್ದ ಎಣಿಕೆ. ಅವಳು ಕಾಲೇಜಿಗೆ ಮರಳಿದ ಮೇಲೆ ತಮ್ಮ ಅದನ್ನು ಮುಂದುವರಿಸಿ ಫೋನಿನಲ್ಲಿ ಹೇಳುತ್ತಿದ್ದ. ಎರಡು ತಿಂಗಳಿಗೆ ಆಯಿ ಕೈ ಊರದೆ ಎಂಟು ಸಲ ಏಳುತ್ತಿದ್ದರು, ಓಣಿಯ ಕೊನೆಯವರೆಗೆ ಕೋಲು ಹಿಡಿದು ಹೋಗಿ ಬರುತ್ತಿದ್ದರು. ಪೂಜೆಗೆ ನೆಲದ ಮಣೆಯ ಮೇಲೆ ಕೂರಲು ಇನ್ನೂ ಆಗಿರಲಿಲ್ಲ; ಮೊಣಕಾಲಿನ ಹಳೆಯ ಸವೆತ ಅದಕ್ಕೆ ಅಡ್ಡಿಯಾಗಿತ್ತು. ಒಂದು ಗೇಣು ಎತ್ತರದ ಮರದ ಸ್ಟೂಲನ್ನು ಬಡಿಗರಿಂದ ಮಾಡಿಸಿ, ದೇವರ ಕೋಣೆಯಲ್ಲಿ ಅದರ ಮೇಲೆ ಕುಳಿತು ಪೂಜೆ ಮಾಡುತ್ತಿದ್ದರು. ಮುಂದಿನ ರಜೆಗೆ ಅದರ ಕಾಲನ್ನು ಎರಡು ಅಂಗುಲ ಕೊಯ್ಯಿಸುವುದೆಂದು ಮೊಮ್ಮಗಳು ಬರೆದುಕೊಂಡಿದ್ದಳು.